ಬಿಳಿಚಿಪ್ಪಿನ ಕಟ್ಟೆ

ಮಳೆಗೆ ಬುದ್ಧಿ ಅಂತ ಒಂದು ಇದ್ದಿದ್ದರೆ ಅದು ಕಲ್ಲುಪಾದೆಯ ಮೇಲೆ ಬೀಳುತ್ತಲೇ ಇರಲಿಲ್ಲ. ಕುಂದಾಪುರದ ಆಚೆ, ಸಮುದ್ರಕ್ಕೆ ಮುಖಮಾಡಿದ ಆ ಮುರಕಲ್ಲಿನ ದಿಬ್ಬದ ಮೇಲೆ ಹಳೆಯ ಬ್ಯಾಟರಿ ಒಡೆಯುವ, ಲೋಹಕ್ಕೆ ಹೊಳಪು ಹಾಕುವ, ತಂತಿ ಸುಟ್ಟು ತಾಮ್ರ ತೆಗೆಯುವ ಕಾರ್ಖಾನೆಗಳು ಸಾಲಾಗಿ ಕೂತಿದ್ದವು. ಬೇಸಿಗೆಯುದ್ದಕ್ಕೂ ಅವುಗಳ ಅಂಗಳದಲ್ಲಿ ಕೂತ ದೂಳು ಮೊದಲ ಮಳೆಗೆ ಒಂದೇ ಏಟಿಗೆ ತೊಳೆದು ಚರಂಡಿ ಸೇರುತ್ತಿತ್ತು. ಚರಂಡಿಯಿಂದ ತೋಡಿಗೆ, ತೋಡಿನಿಂದ ಕೆಳಗಿನ ಮಡಿಕೋಡಿ ಊರಿನ ಹೊಳೆಗೆ. ಕಾರ್ಖಾನೆಯ ಒಳಗೆ ಹುಟ್ಟುವ ಕೊಳಕು ನೀರಿಗೆ ಯಂತ್ರವಿತ್ತು, ಕಾನೂನಿತ್ತು, ತಪಾಸಣೆಗೆ ಬರುವ ಜೀಪೂ ಇತ್ತು. ಆಕಾಶದಿಂದ ಬಿದ್ದ ನೀರಿಗೆ ಅಪ್ಪ ಅಮ್ಮ ಯಾರೂ ಇರಲಿಲ್ಲ. ಮಳೆ ನಮ್ಮದಲ್ಲವಲ್ಲ ಎಂದು ಮಾಲೀಕರು ಕೈ ತೊಳೆದುಕೊಂಡರು. ಅವರು ಕೈ ತೊಳೆದ ನೀರೂ ಮಡಿಕೋಡಿಗೇ ಬಂತು.

ಮಡಿಕೋಡಿಯ ಹೆಂಗಸರು ಹೊಳೆಯ ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಿಗಿಳಿದು ಮಳಿ ಹೆಕ್ಕುವವರು. ಮಳಿ ಎಂದರೆ ಎರಡು ಚಿಪ್ಪಿನ ನಡುವೆ ಒಂದು ತುತ್ತು ಮಾಂಸ ಇರುವ ಜೀವ. ಮಾಂಸ ಸಾರಿಗೆ, ಚಿಪ್ಪು ಸುಣ್ಣದ ಗೂಡಿಗೆ. ಕಲ್ಲುಪಾದೆಯಲ್ಲಿ ಕಾರ್ಖಾನೆ ಬಂದ ಮೇಲೆ ಮಳಿ ಸಣ್ಣದಾಯಿತು, ಆಮೇಲೆ ಕಹಿಯಾಯಿತು, ಆಮೇಲೆ ಕಾಣದಾಯಿತು. ಮುಕಾಂಬು ಎನ್ನುವ ಹೆಂಗಸು ಗಂಡನನ್ನು ಕಡಲಿಗೆ ಕೊಟ್ಟ ಮೇಲೆ ಇದೇ ಮಳಿ ಹೆಕ್ಕಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು. ದೊಡ್ಡವಳು ವಾರಿಜಾ ಓದಿ ಓದಿ ರಸಾಯನ ವಿಜ್ಞಾನದಲ್ಲಿ ಡಾಕ್ಟರಾದಳು. ನನ್ನ ಮಗಳು ಡಾಕ್ಟರು, ಆದರೆ ಜ್ವರಕ್ಕೆ ಮದ್ದು ಕೊಡುವುದಿಲ್ಲ, ಹೊಳೆಗೆ ಕೊಡುತ್ತಾಳೆ ಎಂದು ಮುಕಾಂಬು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆದರೆ ಈ ಮಗಳ ವಿಷಯದಲ್ಲಿ ಊರಿನವರಿಗೂ ಅದೇ ಮುದ್ದು.

ವಾರಿಜಾ ಹಿಡಿದ ಎಳೆ ಬಹಳ ಸರಳ. ಚಿಪ್ಪೆಂದರೆ ಸುಣ್ಣದ ಕಲ್ಲು. ನೀರಿನಲ್ಲಿ ಕರಗಿದ ಸೀಸ ಅದರ ಹತ್ತಿರ ಸುಳಿದರೆ ಅಂಟಿಕೊಳ್ಳುತ್ತದೆ, ಇದು ಶಾಲೆಯ ಮಕ್ಕಳಿಗೂ ಗೊತ್ತು. ತೊಂದರೆಯೆಂದರೆ ಚಿಪ್ಪಿನ ಹೊರಮೈ ಬೇಗ ಮುಚ್ಚಿಹೋಗುತ್ತದೆ, ಆಮೇಲೆ ಅದು ಬರೀ ಕಲ್ಲು. ಅದಕ್ಕೆ ಅವಳು ಚಿಪ್ಪಿನೊಳಗೇ ಬದುಕುವ ಒಂದು ಸೂಕ್ಷ್ಮಜೀವಿಯನ್ನು ಪಳಗಿಸಿದಳು. ಅದು ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸುರಂಗಗಳನ್ನು ಕೊರೆಯುತ್ತಾ ಹೋಗುತ್ತದೆ. ಒಂದು ಬೊಗಸೆ ಚಿಪ್ಪಿನ ಒಳಮೈ ಬಿಡಿಸಿ ಹರಡಿದರೆ ಒಂದು ಗದ್ದೆಯಷ್ಟಾಗುತ್ತದೆ. ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಎಲ್ಲ ಆ ಸುರಂಗಗಳಿಗೆ ಹೊಕ್ಕು ಕೂತುಬಿಡುತ್ತವೆ, ಹೊರಗೆ ಬರುವುದಿಲ್ಲ. ಅದರಲ್ಲೂ ಸೀಸ ಸುಣ್ಣದ ಜೊತೆ ಸೇರಿ ತಾನೂ ಬೆಳ್ಳಗಾಗುತ್ತದೆ. ಹಾಗಾಗಿ ಹೊಟ್ಟೆ ತುಂಬಾ ವಿಷ ತಿಂದ ಚಿಪ್ಪು ಹೊಸ ಚಿಪ್ಪಿಗಿಂತ ಚೆಂದ ಕಾಣುತ್ತಿತ್ತು.

ಕಲ್ಲುಪಾದೆಯ ಚರಂಡಿ ತೋಡಿಗೆ ಸೇರುವಲ್ಲಿ ಸರಕಾರದವರು ಕಟ್ಟೆ ಕಟ್ಟಿದರು. ಮೇಲೆ ತೆಂಗಿನ ನಾರಿನ ದಪ್ಪ ಹಾಸು, ಎಣ್ಣೆ ದೂಳು ಹಿಡಿಯಲಿಕ್ಕೆ. ಕೆಳಗೆ ಆಳಾಳ ಚಿಪ್ಪಿನ ರಾಶಿ. ಚಿಪ್ಪು ಕೊಟ್ಟವನು ಸುಣ್ಣದ ಗೂಡಿನ ಹೆರಿಯ ಮರಕಾಲ, ಊರಿಗೆಲ್ಲ ಹೆರಿಯಣ್ಣ. ಮಳಿ ಇಲ್ಲದೆ ಅವನ ಗೂಡು ಆರಿ ವರ್ಷಗಳೇ ಆಗಿದ್ದವು. ಅಜ್ಜನ ಕಾಲದಿಂದ ಹಿತ್ತಲಲ್ಲಿ ಮಣ್ಣು ಹತ್ತಿ ಸುಡಲು ಬಾರದೆ ಬಿದ್ದಿದ್ದ ಚಿಪ್ಪಿನ ಗುಡ್ಡವನ್ನೇ ಅವನು ಟೆಂಪೋಗೆ ತುಂಬಿ ಕೊಟ್ಟ.

ಕಟ್ಟೆ ತೆರೆದ ದಿನ ದೊಡ್ಡವರು ಬಂದರು, ಭಾಷಣ ಮಾಡಿದರು, ಹೋದರು. ಅವರು ಹೋದ ಮೇಲೆ ವಾರಿಜಾ ಊರಿನವರನ್ನು ಕಟ್ಟೆಯ ಅಂಚಿಗೆ ಕರೆದು ಅವರದೇ ಮಾತಿನಲ್ಲಿ ವಿವರಿಸಿದಳು: ಈ ಚಿಪ್ಪು ನೀರಿನ ವಿಷ ಎಳೆದುಕೊಳ್ಳುತ್ತದೆ. ಮೇಲಿನಿಂದ ಕಪ್ಪು ನೀರು ಇಳಿಯುತ್ತಿತ್ತು. ಕೆಳಗಿನ ಕೊಳವೆಯಿಂದ ಬಂದ ನೀರನ್ನು ಅವಳು ಲೋಟದಲ್ಲಿ ಹಿಡಿದು ಎಲ್ಲರೆದುರು ಕುಡಿದಳು. ಮುಕಾಂಬುವಿಗೆ ಕಣ್ಣು ತುಂಬಿಬಂತು. ಮಾರನೆಯ ದಿನ ಯಾರೋ ಕಟ್ಟೆಯ ಮೇಲೆ ಎರಡು ದಾಸವಾಳ ಇಟ್ಟು ಹೋಗಿದ್ದರು. ವಾರಿಜಾ ನೋಡಿ ನಕ್ಕಳು. ದೇವರಿಗಿಂತ ಹೆಚ್ಚು ಕೆಲಸ ಮಾಡುತ್ತದೆ, ಹೂವಿಟ್ಟರೇನು ತಪ್ಪು ಎಂದು ಜೊತೆಯ ಎಂಜಿನಿಯರ್ ನಿಸಾರನಿಗೆ ಹೇಳಿದಳು.

ಕಟ್ಟೆಯ ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮೇಲೆ ಎರಡು ಗೆರೆಗಳು ಓಡುತ್ತಿದ್ದವು. ಬರುವ ನೀರಿನ ಸೀಸದ್ದು ಕೆಂಪು ಗೆರೆ, ಹೋಗುವ ನೀರಿನದ್ದು ನೀಲಿ. ಮಳೆ ಜೋರಾದಾಗ ಕೆಂಪು ಗೆರೆ ಹುಚ್ಚೆದ್ದು ಮೇಲೆ ಹಾರುತ್ತಿತ್ತು, ನೀಲಿ ಗೆರೆ ನೆಲ ಬಿಟ್ಟು ಏಳುತ್ತಿರಲಿಲ್ಲ. ನಿಸಾರ್ ಅದನ್ನು ನೋಡಿಕೊಂಡೇ ಊಟ ಮಾಡುತ್ತಿದ್ದ, ಇದರಷ್ಟು ರುಚಿಯ ಪಲ್ಯ ಇನ್ನೊಂದಿಲ್ಲ ಎನ್ನುತ್ತಿದ್ದ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಹೊಳೆಯಲ್ಲಿ ಮಳಿ ಕಂಡಿತು. ಮುಕಾಂಬು ಮೊದಲ ಬುಟ್ಟಿಯನ್ನು ಮನೆಗೆ ತಂದು ಕೊಬ್ಬರಿ ಅರೆದು ಹಾಕಿ ಸುಕ್ಕಾ ಮಾಡಿ ಇಡೀ ಕೇರಿಗೆ ಹಂಚಿದಳು. ವಾರಿಜಾ ತಿನ್ನುವ ಮೊದಲು ಒಂದನ್ನು ಪರೀಕ್ಷೆಗೆ ತೆಗೆದುಕೊಂಡು ಹೋದಳು. ಮಳಿ ಶುದ್ಧವಾಗಿತ್ತು.

ಚಿಪ್ಪು ಶಾಶ್ವತವಲ್ಲ. ಸುರಂಗಗಳು ತುಂಬಿದ ಮೇಲೆ ತೆಗೆದು ಹೊಸದು ಹಾಕಬೇಕು. ತೆಗೆದದ್ದನ್ನು ಡ್ರಮ್ಮಿನಲ್ಲಿ ಮುಚ್ಚಿ ದೂರದ ವಿಷತ್ಯಾಜ್ಯದ ಗುಂಡಿಗೆ ಸಾಗಿಸಬೇಕು, ಆ ಕೆಲಸ ಒಬ್ಬ ಗುತ್ತಿಗೆದಾರನದ್ದು. ಅವನ ಲಾರಿ ಮೊದಲ ವರ್ಷ ಬಂತು, ಎರಡನೆಯ ವರ್ಷ ಬರುತ್ತೇನೆ ಎಂದಿತು. ತೆಗೆದ ಚಿಪ್ಪು ತಗಡಿನ ಚಪ್ಪರದಡಿ ರಾಶಿ ಬಿತ್ತು. ಬೇಲಿಗೆ 'ಅಪಾಯಕಾರಿ ತ್ಯಾಜ್ಯ' ಎಂದು ಬೋರ್ಡು ತೂಗುಹಾಕಿದರು. ವಾರಿಜಾಳ ಲೆಕ್ಕಾಚಾರ ನೀರಿನಲ್ಲಿತ್ತು, ಚಪ್ಪರದ ಕಡೆ ಅವಳು ಹೆಚ್ಚು ಹೋಗಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಗಾದೆ ಮಡಿಕೋಡಿಯಲ್ಲಿ ಎಲ್ಲರಿಗೂ ಬರುತ್ತಿತ್ತು. ಅದನ್ನು ಅವರು ಮನುಷ್ಯರಿಗೆ ಮಾತ್ರ ಹೇಳುತ್ತಿದ್ದರು.

ಆ ವರ್ಷ ತಂಗಿ ಸುಪ್ರೀತಾ ಹೆರಿಗೆಗೆ ತವರಿಗೆ ಬಂದಳು. ಹಿಂದೆ ಒಂದು ಬಸಿರು ನಿಲ್ಲದೆ ಹೋಗಿತ್ತು, ಆದ್ದರಿಂದ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಓಡಾಡಿದರು. ಗಂಡು ಮಗು ಹುಟ್ಟಿತು. ಮುಕಾಂಬುವಿನ ಸಂಭ್ರಮಕ್ಕೆ ಮಿತಿಯಿರಲಿಲ್ಲ. ಬಾಣಂತನ ಎಂದರೆ ಅವಳ ಮಟ್ಟಿಗೆ ಯಜ್ಞವಿದ್ದ ಹಾಗೆ. ಎಣ್ಣೆ, ಬಿಸಿನೀರು, ಮೆಂತೆಗಂಜಿ, ಕಾಳುಮೆಣಸಿನ ಸಾರು, ಊಟವಾದ ಮೇಲೆ ಎಲೆ ಅಡಿಕೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವಾಗ ಅವಳು ಹೊಳೆಯ ಹಾಡು ಹೇಳುತ್ತಿದ್ದಳು. ಮದುವೆಯಾಗದ ವಾರಿಜಾ ಕೆಲಸ ಮುಗಿಸಿ ಬಂದು, ಕೈಯನ್ನು ಮೂರು ಸಲ ಸಾಬೂನಿನಲ್ಲಿ ತಿಕ್ಕಿ, ಆಮೇಲೆ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಸುಪ್ರೀತಾ ಅಕ್ಕನನ್ನು ಕೆಣಕುತ್ತಿದ್ದಳು, ಅದು ಮಗು, ನಿನ್ನ ಗಾಜಿನ ಕೊಳವೆಯಲ್ಲ ಎಂದು. ಮಗುವಿಗೆ ಮಿಥುನ್ ಎಂದು ಹೆಸರಿಟ್ಟರು.

ಎರಡು ತಿಂಗಳಾಗುತ್ತಿದ್ದಂತೆ ಮಗು ಸೊರಗಿತು. ಹಾಲು ಕಕ್ಕುತ್ತಿತ್ತು, ಮೈ ಬಿಳುಚಿಕೊಂಡಿತು, ಕಾರಣವಿಲ್ಲದೆ ಕಿರುಚುತ್ತಿತ್ತು. ದೃಷ್ಟಿ ತೆಗೆದರು, ಓಮದ ನೀರು ಕೊಟ್ಟರು. ಒಂದು ಬೆಳಿಗ್ಗೆ ಅದರ ಕೈಕಾಲು ಸೆಟೆದುಕೊಂಡವು. ತಾಲ್ಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರು ಲವೀನಾ ಡಿಸೋಜ ರಕ್ತ ತೆಗೆದು ಕಳಿಸಿದರು. ಫಲಿತಾಂಶ ಬಂದಾಗ ಅವರು ಸುಪ್ರೀತಾಳಿಗೆ ಹೇಳದೆ ವಾರಿಜಾಳನ್ನು ಪಕ್ಕಕ್ಕೆ ಕರೆದರು. ರಕ್ತದಲ್ಲಿ ಸೀಸವಿತ್ತು. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಸೀಸವನ್ನು ತಾನು ಪುಸ್ತಕದಲ್ಲಿಯೂ ಓದಿಲ್ಲ ಎಂದರು. ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸದೆ ಔಷಧಿ ಕೊಟ್ಟು ಉಪಯೋಗವಿಲ್ಲ, ಬೇಗ ಹುಡುಕಿ ಎಂದರು.

 ವಾರಿಜಾಳಿಗೆ ತೋಚಿದ್ದು ಒಂದೇ, ನೀರು. ತನ್ನ ಕಟ್ಟೆ ಎಲ್ಲೋ ಸೋರುತ್ತಿದೆ, ತಾನು ಶುದ್ಧವೆಂದು ಕುಡಿದು ತೋರಿಸಿದ ನೀರೇ ತಂಗಿಯ ಮಗುವನ್ನು ತಿನ್ನುತ್ತಿದೆ. ಆಸ್ಪತ್ರೆಯಿಂದ ನೇರ ನಿಯಂತ್ರಣ ಕೊಠಡಿಗೆ ಹೋಗಿ ಅಳತೆಯ ಸಲಕರಣೆಗಳನ್ನೆಲ್ಲ ಬಿಚ್ಚಿಸಿದಳು. ನೀಲಿ ಗೆರೆ ಸುಳ್ಳು ಹೇಳುತ್ತಿದೆ ಎಂದು ಅವಳ ನಂಬಿಕೆ. ನಿಸಾರ್ ಹೊಸ ಸಲಕರಣೆ ತರಿಸಿ ಕೂರಿಸಿದ. ಗೆರೆ ನೆಲ ಬಿಟ್ಟು ಏಳಲಿಲ್ಲ. ಹೊಳೆಯ ನೀರು, ಬಾವಿಯ ನೀರು, ಮೀನು, ಮಳಿ, ಅಂಗಳದ ಮಣ್ಣು, ತೊಟ್ಟಿಲ ಬಣ್ಣ ಎಲ್ಲ ಪರೀಕ್ಷೆಗೆ ಹೋಯಿತು, ಎಲ್ಲ ಶುದ್ಧವಾಗಿ ಹಿಂದೆ ಬಂತು. ಮುಕಾಂಬು ಮನೆಯಲ್ಲೇ ದೀಪದ ಕಪ್ಪಿನಿಂದ ಮಾಡಿದ ಕಾಡಿಗೆಯನ್ನು ಮಗುವಿನ ಕೆನ್ನೆಗಿಡುತ್ತಿದ್ದಳು. ಕಾಡಿಗೆಯಲ್ಲಿ ಸೀಸ ಇರುವುದುಂಟು ಎಂದು ವಾರಿಜಾ ಆ ಕರಡಿಗೆಯನ್ನು ಕಿತ್ತುಕೊಂಡು ಹೋದಳು. ಮುಕಾಂಬು ಆ ದಿನ ಅತ್ತಳು. ಕಾಡಿಗೆಯೂ ಶುದ್ಧವಾಗಿತ್ತು.

ಆಸ್ಪತ್ರೆಯಲ್ಲಿದ್ದಷ್ಟು ದಿನ ಮಗು ಚೇತರಿಸಿಕೊಂಡಿತು. ಒಮ್ಮೆ ದೊಡ್ಡಮ್ಮನ ಬೆರಳು ಹಿಡಿದು ನಕ್ಕಿತು. ಮನೆಗೆ ಕರೆತಂದರು. ಪೇಟೆಯಿಂದ ಬಾಟಲಿಯ ನೀರು ಬಂತು, ಮೀನು ನಿಂತಿತು, ಮಳಿ ನಿಂತಿತು. ಮುಕಾಂಬು ಮೊಮ್ಮಗನನ್ನು ಉಳಿಸಿಕೊಳ್ಳಲು ಮೊದಲಿಗಿಂತ ಹೆಚ್ಚು ಆರೈಕೆ ಮಾಡಿದಳು. ಎರಡೇ ವಾರದಲ್ಲಿ ಮಗು ಮತ್ತೆ ಸೆಟೆದುಕೊಂಡಿತು. ಈ ಸಲ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅದು ಕಣ್ಣು ತೆರೆಯಲಿಲ್ಲ, ಆಸ್ಪತ್ರೆಯಲ್ಲಿಯೂ ತೆರೆಯಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಡಾಕ್ಟರು ಲವೀನಾ ಹೊರಗೆ ಬಂದು ಸುಪ್ರೀತಾಳ ಪಕ್ಕದಲ್ಲಿ ಕೂತರು.

ಅಷ್ಟು ಚಿಕ್ಕ ಮಗುವಿಗೆ ನಮ್ಮಲ್ಲಿ ದೊಡ್ಡ ಕರ್ಮಾಂತರವಿಲ್ಲ, ಮಣ್ಣು ಮಾಡಿ ಬರುತ್ತಾರೆ, ಅಷ್ಟೆ. ಆದರೆ ಮಾತಾಡಿಸಲು ಕೇರಿಯ ಹೆಂಗಸರು ದಿನವೂ ಬಂದರು. ಸುಪ್ರೀತಾ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಂದವರು ಜಗಲಿಯಲ್ಲಿ ಎಲೆ ಅಡಿಕೆಯ ಹರಿವಾಣದ ಸುತ್ತ ಕೂತು ಎಲೆ ಹಾಕುತ್ತಿದ್ದರು. ವಾರಿಜಾ ಕಂಬಕ್ಕೊರಗಿ ಕೂತಿದ್ದಳು. ಎದುರುಮನೆಯ ಗುಲಾಬಿ ಎಲೆಯ ತೊಟ್ಟು ಮುರಿದು, ಸುಣ್ಣ ಸವರುತ್ತಾ ಮಾತು ತೆಗೆದಳು.

"ಇದ್ ಕಟ್ಟಿ ಸುಣ್ಣ ಅಲ್ದಾ ಮುಕಾಂಬಕ್ಕ? ನಮ್ಮನಿಯೊಳ್ಗೂ ಇದೇ. ಹೆರಿಯಣ್ಣ ಬಸ್ರಿ ಬಾಣಂತಿ ಇಪ್ಪು ಮನಿಗೆಲ್ಲ ಕೊಟ್ರ್."

ಯಾವ ಕಟ್ಟೆ ಎಂದು ವಾರಿಜಾ ಕೇಳಿದಳು. ನಿನ್ನ ಕಟ್ಟೆಯೇ, ಇನ್ನು ಯಾವುದು ಎಂದು ಗುಲಾಬಿ ವಿವರಿಸಿದಳು. ಕಟ್ಟೆಯಿಂದ ತೆಗೆದು ರಾಶಿ ಹಾಕಿದ ಚಿಪ್ಪು ಚಪ್ಪರದಡಿ ಸುಮ್ಮನೆ ಬಿದ್ದಿತ್ತು. ಹೆರಿಯಣ್ಣ ಹೊಸ ಚಿಪ್ಪು ತಂದಾಗಲೆಲ್ಲ ಟೆಂಪೋ ಖಾಲಿ ಹಿಂದೆ ಹೋಗುವುದು ಬೇಡವೆಂದು ಕಾವಲಿನವನು ಹಳೆಯದನ್ನು ತುಂಬಿ ಕಳಿಸಿದ. ಎಷ್ಟೋ ವರ್ಷದಿಂದ ಆರಿದ್ದ ಗೂಡಿಗೆ ಹೆರಿಯಣ್ಣ ಬೆಂಕಿ ಹಾಕಿದ. ಈ ಸುಣ್ಣವನ್ನು ಅವನು ಮಾರಲಿಲ್ಲ. ಹೊಳೆಯ ವಿಷ ಎಳೆದ ಚಿಪ್ಪು, ಹೊಟ್ಟೆಯ ವಿಷವನ್ನೂ ಎಳೆದೀತು ಎಂದು ಪ್ರಸಾದದ ಹಾಗೆ ಮನೆಮನೆಗೆ ಕೊಟ್ಟ. ಇಷ್ಟು ಬೆಳ್ಳಗಿನ ಸುಣ್ಣವನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದಳು ಗುಲಾಬಿ. ಅವಳ ಸೊಸೆಗೆ ಆಗ ಏಳು ತಿಂಗಳು.

ಬಗಲಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ವಾರಿಜಾ ಕೂಡ ವಾರಗಟ್ಟಲೆ ಹೊಳೆಯನ್ನು ಹುಡುಕಿದ್ದಳು, ತನ್ನ ಮನೆಯ ಹರಿವಾಣವನ್ನು ನೋಡಿರಲಿಲ್ಲ. ಅವಳು ಎದ್ದು ಬೆರಳ ತುದಿಯಷ್ಟು ಸುಣ್ಣವನ್ನು ಕಾಗದದಲ್ಲಿ ಕಟ್ಟಿಕೊಂಡಳು. ಗುಲಾಬಿಯ ಕೈಯಲ್ಲಿದ್ದ ಎಲೆಯನ್ನು ಕಸಿದು ಅಂಗಳಕ್ಕೆ ಎಸೆದಳು. ದುಃಖಕ್ಕೆ ಹುಡುಗಿಯ ತಲೆ ಕೆಟ್ಟಿದೆ ಎಂದುಕೊಂಡು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಪ್ರಯೋಗಾಲಯದಲ್ಲಿ ನಿಸಾರ್ ಪರೀಕ್ಷೆ ಮಾಡಿದ. ಯಂತ್ರ ತೋರಿಸಿದ ಅಂಕಿ ನೋಡಿ, ಸುಣ್ಣವನ್ನು ನೂರು ಪಾಲು ತೆಳು ಮಾಡಿ ಮತ್ತೆ ಹಾಕಿದ. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ತಲೆಯ ಮೇಲೆ ಕೈಯಿಟ್ಟು ಕೂತ. ಗೂಡಿನ ಬೆಂಕಿ ಚಿಪ್ಪನ್ನು ಸುಣ್ಣವಾಗಿಸಿತ್ತು, ಸೀಸವನ್ನು ಸೀಸವಾಗಿಯೇ ಬಿಟ್ಟಿತ್ತು. ಲೋಹ ಸಾಯುವುದಿಲ್ಲ. ಅದನ್ನು ಒಂದು ಕಡೆಯಿಂದ ಎತ್ತಿದರೆ ಇನ್ನೊಂದು ಕಡೆ ಇಡಲೇಬೇಕು. ಎಲ್ಲಿ ಇಡುತ್ತೇವೆ ಎನ್ನುವುದೇ ವಿಜ್ಞಾನದ ಅರ್ಧ ಭಾಗ, ಅದನ್ನು ವಾರಿಜಾ ಒಬ್ಬ ಲಾರಿಯವನಿಗೆ ಬಿಟ್ಟಿದ್ದಳು.

ಈಗ ಅವಳೆದುರು ಒಂದೇ ಕೆಲಸವಿತ್ತು, ಅದು ತಡಮಾಡುವಂಥದಲ್ಲ. ಸುಣ್ಣ ಹೋದ ಮನೆಗಳಲ್ಲಿ ಬಸಿರಿಯರಿದ್ದರು, ಹಾಲು ಕುಡಿಯುವ ಮಕ್ಕಳಿದ್ದವು. ಕೂಡಲೇ ಊರಿಗೆ ಸಾರಬೇಕು. ಆದರೆ ಊರಿಗೆ ಸಾರಿದ ಕ್ಷಣ ತಾಯಿಗೂ ಗೊತ್ತಾಗುತ್ತದೆ. ಮೊಮ್ಮಗನ ಪ್ರಾಣ ತೆಗೆದದ್ದು ಬಾಣಂತಿಯ ಎಲೆಗೆ ಸುಣ್ಣ ಸವರಿ ಕೊಟ್ಟ ತನ್ನ ಕೈಯೇ ಎಂದು ಅವಳು ಧ್ವನಿವರ್ಧಕದಿಂದ ಕೇಳುವುದು ಬೇಡ. ಮೊದಲು ತಾನೇ ಹೇಳಬೇಕು ಎಂದು ವಾರಿಜಾ ಮನಸ್ಸು ಗಟ್ಟಿಮಾಡಿಕೊಂಡಳು. ದಾರಿಯುದ್ದಕ್ಕೂ ಅವಳಿಗೆ ಸುಳ್ಳುಗಳೇ ತೋಚಿದವು. ಬಾವಿಯೆನ್ನಲೇ, ತೊಟ್ಟಿಲೆನ್ನಲೇ. ಯಾವ ಸುಳ್ಳು ಹೇಳಿದರೂ ಗುಲಾಬಿಯ ಸೊಸೆ ಸಂಜೆ ಎಲೆಗೆ ಅದೇ ಸುಣ್ಣ ಸವರುತ್ತಾಳೆ.

ಮುಕಾಂಬು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ವಾರಿಜಾ ಅವಳ ಎದುರು ನೆಲದ ಮೇಲೆ ಕೂತಳು.

"ಅಬ್ಬಿ, ಹೆರಿಯಣ್ಣ ಕೊಟ್ಟ ಸುಣ್ಣದೊಳ್ಗೆ ಸೀಸ ಇತ್ತ್."

ಮುಕಾಂಬುವಿಗೆ ಅರ್ಥವಾಗಲಿಲ್ಲ. ಆರಿಸುವ ಕೈ ಮಾತ್ರ ನಿಂತಿತು.

"ಚಿಪ್ಪ್ ವಿಷ ಎಳ್ಕಂತ್ ಅಂದೇಳಿ ನೀನೇ ಹೇಳಿದ್ದಲ್ದಾ ಮಗಾ?"

"ಎಳ್ಕಂತ್. ಎಳ್ಕಂಡ್ ಒಳಗೇ ಇಟ್ಕಂತ್ ಅಬ್ಬಿ. ಎಲ್ಲಿಗೂ ಹ್ವಾತಿಲ್ಲೆ."

"ಸುಟ್ರೂ?"

"ಸುಟ್ರೂ."

ಮುಕಾಂಬು ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆಲ್ಲಗೆ, ತನಗೆ ತಾನೇ ಹೇಳಿಕೊಂಡ ಹಾಗೆ, ದಿನವೂ ಮಗುವಿನ ಹೊಟ್ಟೆನೋವಿಗೆ ಸುಣ್ಣದ ತಿಳಿನೀರು ಹಾಲಿಗೆ ಬೆರೆಸಿ ಕೊಡುತ್ತಿದ್ದೆ ಎಂದಳು. ಎಲ್ಲ ಅಜ್ಜಿಯರೂ ಕೊಡುವುದೇ, ತನ್ನ ಅಜ್ಜಿಯೂ ಕೊಟ್ಟದ್ದೇ. ಆಸ್ಪತ್ರೆಯಿಂದ ಬಂದ ಮೇಲೆ, ಸೊರಗಿದೆಯೆಂದು ದಿನಕ್ಕೆರಡು ಸಲ ಕೊಟ್ಟಿದ್ದೆ ಎಂದಳು. ಆ ಮಾತು ಹೇಳಿ ಮುಗಿಸಿದ ಮೇಲೆ ಅವಳ ಮುಖ ಹೇಗಾಯಿತೆಂದು ಬರೆಯಲು ನನಗೆ ಆಗುವುದಿಲ್ಲ. ಒಳಕೋಣೆಯ ಬಾಗಿಲಲ್ಲಿ ಸುಪ್ರೀತಾ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮತ್ತೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಸಂಜೆ ಪಂಚಾಯಿತಿಯ ರಿಕ್ಷಾದಲ್ಲಿ ಧ್ವನಿವರ್ಧಕ ಕಟ್ಟಿ ಸಾರಿಸಿದರು. ಕಟ್ಟೆಯ ಸುಣ್ಣವನ್ನು ಬಳಸಬಾರದು, ಸರಕಾರಿ ಸಿಬ್ಬಂದಿಗೆ ಒಪ್ಪಿಸಬೇಕು. ಜನ ಬಾಗಿಲಲ್ಲಿ ನಿಂತು ಕೇಳಿದರು, ಒಳಗೆ ಹೋದರು. ಒಬ್ಬರೂ ಕೊಡಲಿಲ್ಲ. ಹೊಳೆಯನ್ನೇ ತಿರುಗಿ ಕೊಟ್ಟ ಚಿಪ್ಪಿನ ಮೇಲೆ ಕಾರ್ಖಾನೆಯವರು ಅಪವಾದ ಹೊರಿಸುತ್ತಿದ್ದಾರೆ ಎಂದು ಕೆಲವರು ಮಾತಾಡಿಕೊಂಡರು. ಗುಲಾಬಿ ತನ್ನ ಸುಣ್ಣದ ಡಬ್ಬಿಯನ್ನು ಅಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟಳು. ವಾರಿಜಾ ನಾಲ್ಕು ಮನೆಗೆ ಹೋಗಿ ಬರಿಗೈಯಲ್ಲಿ ಬಂದಳು.

ಬೆಳಿಗ್ಗೆ ಮುಕಾಂಬು ಮಳಿ ಹೆಕ್ಕುವ ಬುಟ್ಟಿ ತೆಗೆದುಕೊಂಡು ಹೊರಟಳು. ನೀನು ಬರಬೇಡ, ನೀನು ಹೇಳಿದರೆ ಅದು ಕಚೇರಿಯ ಮಾತಾಗುತ್ತದೆ ಎಂದು ಮಗಳನ್ನು ತಡೆದಳು. ಮೊದಲು ಹೋದದ್ದು ಗುಲಾಬಿಯ ಮನೆಗೆ. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತಳು.

"ನನ್ನ ಮೊಮ್ಮಗ ಇದ್ನ ಕುಡ್ದೇ ಹೋದ. ಕೊಟ್ಟದ್ದ್ ನಾನೇ. ನಿಮ್ಮನಿ ಸುಣ್ಣ ತಂದ್ ಇದ್ರೊಳ್ಗೆ ಹಾಕಿ."

ಗುಲಾಬಿ ಅಕ್ಕಿಯ ಡ್ರಮ್ಮಿಗೆ ಕೈ ಹಾಕಿದಳು. ಮುಂದಿನ ಮನೆಯಲ್ಲಿಯೂ ಮುಕಾಂಬು ಅದೇ ಮಾತು ಹೇಳಿದಳು, ಅದರ ಮುಂದಿನ ಮನೆಯಲ್ಲಿಯೂ. ಒಂದು ಶಬ್ದ ಕೂಡಿಸಲಿಲ್ಲ, ಕಳೆಯಲಿಲ್ಲ. ಮಡಿಕೋಡಿಯ ಪ್ರತಿ ಅಂಗಳದಲ್ಲೂ ನಿಂತು ತನ್ನ ಕೈಯ ಕೆಲಸವನ್ನು ತಾನೇ ಹೇಳಿಕೊಂಡಳು. ಹೆರಿಯಣ್ಣನ ಮನೆ ಕೊನೆಯದು. ಅವನು ಗೂಡಿನ ಮೆಟ್ಟಿಲ ಮೇಲೆ ಕೂತಿದ್ದ, ತಲೆ ಎತ್ತಲಿಲ್ಲ. ಅವಳು ಬುಟ್ಟಿಯನ್ನು ಅವನೆದುರು ಇಳಿಸಿದಳು. ಉಳಿದ ಸುಣ್ಣವನ್ನು ಅವನೇ ಎದ್ದು ಗೋಣಿಯಲ್ಲಿ ಕಟ್ಟಿಕೊಟ್ಟ. ಗುಲಾಬಿಯ ಸೊಸೆಯ ರಕ್ತದಲ್ಲಿ ಸೀಸ ಸಿಕ್ಕಿತು, ಔಷಧಿಗೆ ಇಳಿಯಿತು. ಅವಳಿಗೆ ಹೆಣ್ಣು ಮಗು ಹುಟ್ಟಿ ಈಗ ತೆವಳುತ್ತಿದೆ. ಇನ್ನೂ ಮೂರ್ನಾಲ್ಕು ಮನೆಗಳ ಮಕ್ಕಳು ಬದುಕಿ ಉಳಿದವು. ಆ ಮಕ್ಕಳನ್ನು ಕಂಡರೆ ಮುಕಾಂಬು ದಾರಿ ಬದಲಿಸುತ್ತಿದ್ದಳು.

ಎಲೆಯ ಸುಣ್ಣದಿಂದ ಸುಪ್ರೀತಾಳ ರಕ್ತದಲ್ಲೂ ಸೀಸ ಸೇರಿತ್ತು, ಔಷಧಿ ಮುಗಿಸಿ ಅವಳು ಗಂಡನ ಮನೆಗೆ ಹೋದಳು. ಹೋಗುವಾಗ ತಾಯಿಯ ಕಾಲು ಮುಟ್ಟಿದಳು, ಮಾತಾಡಲಿಲ್ಲ. ತನಿಖೆ ನಡೆಯಿತು. ಗುತ್ತಿಗೆದಾರನಿಗೆ ನೋಟೀಸು ಹೋಯಿತು, ಕಾವಲಿನವನ ಕೆಲಸ ಹೋಯಿತು. 'ಸಾರ್ವಜನಿಕರ ಅಜ್ಞಾನವೇ ಮುಖ್ಯ ಕಾರಣ' ಎಂದು ವರದಿ ಬಂತು. ಆ ವಾಕ್ಯ ಬರೆದವರು ಯಾರೋ ನನಗೆ ಗೊತ್ತಿಲ್ಲ, ಗೊತ್ತಾದರೆ ಮಡಿಕೋಡಿಯ ಅಂಗಳಗಳಲ್ಲಿ ಒಂದು ಸುತ್ತು ನಡೆಸಬೇಕೆಂದು ಆಸೆಯಿದೆ. ಬೋರ್ಡಿನಲ್ಲಿ ಬರೆದ ಅಪಾಯವನ್ನು ಯಾರೂ ಓದಲಿಲ್ಲ, ನಿಜ. ಕಣ್ಣಿಗೆ ಹಾಲಿನಂತೆ ಕಾಣುವುದನ್ನು ವಿಷವೆಂದು ನಂಬಲು ಎಷ್ಟು ದೊಡ್ಡ ಬೋರ್ಡು ಬೇಕು?

ಕಟ್ಟೆಯನ್ನು ಮುಚ್ಚಬೇಕೆಂದು ಕೆಲವರು ಹೇಳಿದರು. ಮುಚ್ಚಿದರೆ ಮುಂದಿನ ಮಳೆಗೆ ಹೊಳೆ ಮತ್ತೆ ಸಾಯುತ್ತದೆ. ವಾರಿಜಾ ರಾಜೀನಾಮೆ ಬರೆದಳು, ಹರಿದಳು, ಮತ್ತೆ ಪ್ರಯೋಗಾಲಯಕ್ಕೆ ಹೋದಳು. ಮಿಥುನ್ ನಕ್ಕಾಗ ಹಿಡಿದಿದ್ದ ಬೆರಳಿನಿಂದಲೇ ಗಾಜಿನ ಕೊಳವೆ ಹಿಡಿಯಬೇಕಾಗಿತ್ತು, ಅದು ಅವಳಿಗೆ ದಿನವೂ ನೆನಪಾಗುತ್ತಿತ್ತು. ತುಂಬಿದ ಚಿಪ್ಪು ತಾನು ತುಂಬಿದ್ದೇನೆಂದು ತಾನೇ ಹೇಳಬೇಕು, ಓದು ಬಾರದವರಿಗೂ ಹೇಳಬೇಕು, ಅದೊಂದೇ ಅವಳ ತಲೆಯಲ್ಲಿತ್ತು. ಬೇಸಿಗೆ ಕಳೆಯುವಷ್ಟರಲ್ಲಿ ದಾರಿ ಸಿಕ್ಕಿತು. ಹೊಳೆಯ ದಂಡೆಯ ನಾರುವ ಕಪ್ಪು ಕೆಸರಿನಲ್ಲಿ ಗಂಧಕದ ಗಾಳಿ ಹುಟ್ಟಿಸುವ ಜೀವಿಗಳಿರುತ್ತ‌ವೆ. ಆ ಗಾಳಿ ತಾಗಿದರೆ ಬಿಳಿ ಸೀಸ ಕಪ್ಪಾಗುತ್ತದೆ. ಚಿಪ್ಪಿನ ರಾಶಿಗೆ ಒಂದಿಷ್ಟು ಕೆಸರು ಬೆರೆಸಿದರೆ ಸಾಕು. ಸೀಸ ತುಂಬುತ್ತಾ ಹೋದಂತೆ ಚಿಪ್ಪು ಬೂದಿಬಣ್ಣಕ್ಕೆ, ಆಮೇಲೆ ಕಾಡಿಗೆಯ ಕಪ್ಪಿಗೆ ತಿರುಗುತ್ತದೆ. ನಿಸಾರ್ ಹಳೆಯ ಪುಸ್ತಕ ತೆಗೆದು ನೋಡಿದ. ಸೀಸ ಕಪ್ಪಾಗುವ ವಿಷಯ ಬಹಳ ಹಿಂದಿನಿಂದ ಎಲ್ಲರಿಗೂ ಗೊತ್ತಿದ್ದದ್ದೇ. ಯಾರಿಗೂ ಅದು ಬೇಕಾಗಿರಲಿಲ್ಲ.

ಮಳೆಗಾಲದ ಆರಂಭದಲ್ಲಿ ಒಂದು ಬೆಳಿಗ್ಗೆ ಮುಕಾಂಬು ತಾನಾಗಿಯೇ ಪ್ರಯೋಗಾಲಯಕ್ಕೆ ಬಂದಳು. ಅವಳು ಎಲೆ ಹಾಕುವುದನ್ನು ಬಿಟ್ಟಿದ್ದಳು, ತುಟಿ ಬಿಳುಚಿಕೊಂಡು ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು. ಹೊಸ ಚಿಪ್ಪು ಮಾಡಿದ್ದೀಯಂತೆ, ತೋರಿಸು ಎಂದಳು. ವಾರಿಜಾ ಅವಳಿಗೆ ಕೈಗವಸು ಹಾಕಿಸಿ, ಒಂದು ಗಾಜಿನ ಭರಣಿಯನ್ನು ಕೈಗಿಟ್ಟಳು. ಒಳಗೆ ಕಪ್ಪು ಚಿಪ್ಪುಗಳು. ಮುಕಾಂಬು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಇದನ್ನು ಯಾರೂ ಗೂಡಿಗೆ ಹಾಕುವುದಿಲ್ಲ ಎಂದಳು. ಹೇಗೆ ಮಾಡಿದೆ ಎಂದು ಕೇಳಿದಳು. ವಾರಿಜಾ ಕೆಸರಿನ ವಿಷಯ ಹೇಳಿದಳು. ಎಲ್ಲಿಯ ಕೆಸರು ಎಂದು ಕೇಳಿದಳು. ನಮ್ಮ ಮನೆಯ ಹಿಂದಿನ ದಂಡೆಯದೇ, ನೀನು ಮಳಿಗೆ ಇಳಿಯುವ ಜಾಗದ್ದು ಎಂದು ವಾರಿಜಾ ಹೇಳಿದಳು.

ಮುಕಾಂಬು ಭರಣಿಯನ್ನು ಮೇಜಿನ ಮೇಲಿಟ್ಟಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು.

"ಈ ಕೆಸ್ರ್ ಆಗಳೂ ಅಲ್ಲೇ ಇದ್ದಿತ್ತಲ್ದಾ ಮಗಾ?"

"ಇದ್ದಿತ್ತ್ ಅಬ್ಬಿ" ಎಂದಳು ವಾರಿಜಾ.